ಫೋಟೋಕ್ಕೆ ಅಡ್ಡ ಬಂದ ಕೊಂಬೆ

ಸೀತಾಂಗೋಳಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಉಂಟು. ಪಾಸ್‌ಪೋರ್ಟ್ ಫೋಟೋ, ಮದುವೆ, ಗೃಹಪ್ರವೇಶ, ತೊಟ್ಟಿಲು ಹಾಕುವ ಶಾಸ್ತ್ರ, ಇವೆಲ್ಲ ಹೊಟ್ಟೆಪಾಡಿಗೆ. ಬುಕಿಂಗ್ ಇಲ್ಲದ ದಿನ ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಹಕ್ಕಿ, ಹೂವು, ಪದವು ಅಂತ ನಾವು ಹೇಳುವ ಕಲ್ಲುಬಯಲಿನ ಮೇಲೆ ನಿಂತ ಮಳೆನೀರು ಅಂತ ತಿರುಗುವುದು ನನ್ನ ಹುಚ್ಚು. ಎರಡು ಕಡೆಯಲ್ಲೂ ನನಗೆ ಬಾಯಿಬಡುಕಿ ಅಂತ ಹೆಸರು. ಹೆಸರು ಸುಮ್ಮನೆ ಬಂದದ್ದಲ್ಲ, ಒಪ್ಪುತ್ತೇನೆ.

ಒಂದು ಸಲ ಮಳೆಗಾಲದ ಕೊನೆಗೆ ಒಂದು ಜೋಡಿ ಬಂದಿತ್ತು. ಮದುವೆಯ ಮೊದಲಿನ ಫೋಟೋ ಆಗಬೇಕು. ಪದವಿನ ಕಲ್ಲಿನ ಮೇಲೆ ಆಗ ನೀಲಿ ಹೂವು ಹಾಸಿದ ಹಾಗೆ ಬಿಡುತ್ತದೆ, ಬೆರಳಿನ ಉಗುರಿನಷ್ಟು ಸಣ್ಣ ಹೂವು. ಹುಡುಗಿ ಅದರ ಮೇಲೆ ಮಲಗಬೇಕಂತೆ, ಹುಡುಗ ಬಣ್ಣದ ಹೊಗೆ ಬಿಡಬೇಕಂತೆ, ಥರ್ಮೋಕೋಲಿನಲ್ಲಿ ಇಬ್ಬರ ಹೆಸರು ಕತ್ತರಿಸಿ ತಂದಿದ್ದರು. “ನೀವು ಎದ್ದು ಹೋದ ಮೇಲೆ ಆ ಹೂವು ಏಳ್ತದಾ?” ಅಂತ ಕೇಳಿದೆ. ಕಲ್ಲಿನ ಅಂಚಿನಲ್ಲಿ ನಿಂತರೆ ಇನ್ನೂ ಚಂದ ಬರ್ತದೆ, ಹೂವು ಮುಂದೆ, ನೀವು ಹಿಂದೆ, ಅಂತ ಕ್ಯಾಮರಾದಲ್ಲಿದ್ದ ಹಳೆಯ ಫೋಟೋ ತೋರಿಸಿದೆ. ಕೇಳಬೇಕಲ್ಲ? ಬೇರೆ ಸ್ಟುಡಿಯೋಕ್ಕೆ ಹೋದರು. ಥರ್ಮೋಕೋಲು ಮಾತ್ರ ನನ್ನ ಬಾಗಿಲಲ್ಲೇ ಬಿಟ್ಟು ಹೋದರು, ಕರ್ಮ!

ಹಕ್ಕಿ ಫೋಟೋ ತೆಗೆಯುವವರ ಹತ್ತಿರವೂ ನನ್ನದು ಇದೇ ಕಥೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ನಿಜವಾದ ಹಕ್ಕಿಯನ್ನು ಮೋಸದಿಂದ ಕರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗೂಡಿಗೆ ಫ್ಲ್ಯಾಶ್ ಹೊಡೆಯುವವರನ್ನು ಕಂಡರೆ ಇನ್ನೂ ಹೆಚ್ಚು. ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಹಾಕಿದ ಕೂಡಲೇ “ಜಾಗ ಎಲ್ಲಿ?” ಅಂತ ಕೇಳುತ್ತಾರೆ. “ಮರದ ಮೇಲೆ” ಅಂತ ಬರೆಯುತ್ತೇನೆ. ಜಾಗ ಹೇಳಿದರೆ ಮರುದಿನ ಬೆಳಿಗ್ಗೆ ಅಲ್ಲಿ ಕಾರುಗಳ ಸಾಲು, ಬಿಸ್ಕಿಟ್ ಪ್ಯಾಕೆಟು, ನೀರಿನ ಬಾಟ್ಲಿ. ಅದನ್ನೆಲ್ಲ ಹೆಕ್ಕಿ ಚೀಲದಲ್ಲಿ ತುಂಬಿಸಿಕೊಂಡು ಬರುವುದು ನನ್ನಂಥ ಮರುಳರ ಕೆಲಸ.

ಆದರೆ ಈಗ ನಾನು ಬರೆಯಲು ಹೊರಟದ್ದು ನನ್ನ ಜಗಳದ ಬಗ್ಗೆ ಅಲ್ಲ. ಬೆಳ್ಳೂರಿನ ಕಡೆಯ ಒಂದು ಮನೆಯ ಬಗ್ಗೆ, ಆ ಮನೆಯ ಅಕ್ಕನ ಬಗ್ಗೆ. ಅವರಿಗೆ ಉಪಕಾರ ಹೇಳಿ ಮುಗಿದಿಲ್ಲ ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಆ ಮನೆಯ ಮಗಳ ಮದುವೆಗೆ ಫೋಟೋ ತೆಗೆದವಳು ನಾನು. ಆಲ್ಬಂ ಕೈಗೆ ಸಿಕ್ಕಿದ ಮೇಲೆ ಗಿರಾಕಿಗಳು ಸಾಧಾರಣವಾಗಿ ನಮ್ಮನ್ನು ಮರೆತುಬಿಡುತ್ತಾರೆ. ಇವರು ಮರೆಯಲಿಲ್ಲ. ಮದುಮಗಳ ತಾಯಿ ನನಗೆ ಅಕ್ಕ ಆದರು, ಅವರ ಗಂಡ ಭಾವ ಆದರು. ಮನೆಮಾತು ಅವರದು ತುಳು, ನನ್ನದು ಕನ್ನಡ. ನಮ್ಮ ಮಾತುಕತೆ ಎರಡೂ ಸೇರಿದ ಪದಾರ್ಥ. ಹಪ್ಪಳ ಮಾಡಿದರೆ ನನಗೊಂದು ಕಟ್ಟು ಬರುತ್ತಿತ್ತು. ಭಾವ ತುಂಬ ವರ್ಷ ಗಲ್ಫಿನಲ್ಲಿ ಅಂಗಡಿ ಕೆಲಸದಲ್ಲಿದ್ದು ಬಂದವರು. ಮನೆಗೆ ಯಾರು ಬಂದರೂ ಅವರಿಗೆ ಹಬ್ಬ. ಕರೆಂಟ್ ಬಿಲ್ಲು ಬರೆಯಲು ಬಂದವನಿಗೂ ಎಳನೀರಿನ ಬೊಂಡ ಕೆತ್ತಿ ಕೊಡುವ ಜಾತಿ.

ಮನೆಯ ಅಂಗಳದ ಆಚೆಗೆ ಅವರ ಕುಟುಂಬದ ನಾಗಬನ. ಸುತ್ತ ತಗ್ಗಾದ ಕಲ್ಲಿನ ಕಟ್ಟೆ, ಒಳಗೆ ನಾಗನ ಕಲ್ಲು, ಅದರ ಮೇಲೆ ಹಗಲಿನಲ್ಲೂ ಕತ್ತಲೆ ಕಟ್ಟುವಷ್ಟು ಮರ, ಬಳ್ಳಿ. ಬನದ ಒಳಗೆ ಕತ್ತಿ ಹಾಕುವ ಹಾಗಿಲ್ಲ, ಒಂದು ಕಡ್ಡಿ ಮುರಿಯುವ ಹಾಗಿಲ್ಲ. ಹಾಗಾಗಿಯೇ ಸುತ್ತಲಿನ ಗುಡ್ಡೆಯೆಲ್ಲ ರಬ್ಬರು ಆದರೂ ಅಲ್ಲೊಂದು ಮುದಿ ತಾರೆ ಮರ ಉಳಿದಿತ್ತು.

ಒಂದು ಬೇಸಿಗೆಯಲ್ಲಿ ಅಕ್ಕ ಫೋನ್ ಮಾಡಿದರು. “ಮಾರಾಯ್ತಿ, ನಮ್ಮ ತಾರೆ ಮರದ ಪೊಟರೆಯಲ್ಲಿ ಒಂದು ಹಕ್ಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದೆ. ಇನ್ನೊಂದು ಹೊರಗಿನಿಂದ ಊಟ ಕೊಡ್ತದೆ. ಇದು ಎಂತ ಕಥೆ?”

ಮಂಗಟ್ಟೆ! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮಂಗಟ್ಟೆಯ ಹೆಣ್ಣು ಮೊಟ್ಟೆ ಇಡುವಾಗ ಮರದ ಪೊಟರೆಯೊಳಗೆ ಹೊಕ್ಕು, ತನ್ನದೇ ಹಿಕ್ಕೆಯಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೊರಗೆ ಬರುವಷ್ಟು ಒಂದು ಸಪೂರ ಸೀಳು ಮಾತ್ರ ಬಿಡುತ್ತದೆ. ಮತ್ತೆ ಮರಿ ದೊಡ್ಡದಾಗುವವರೆಗೆ ಅದರ ಜೀವ ಗಂಡಿನ ಕೊಕ್ಕಿನಲ್ಲಿ. ಗೋಳಿ ಹಣ್ಣು, ಹಲ್ಲಿ, ಹುಳ, ಅದು ತಂದು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಗಂಡು ಉಣಿಸುವ ಆ ಒಂದು ಫೋಟೋ ತೆಗೆಯಬೇಕು ಅಂತ ನಾನು ಎಷ್ಟು ವರ್ಷ ಬಾಯಿ ಬಿಟ್ಟುಕೊಂಡು ಕಾಡು ತಿರುಗಿದ್ದೇನೆ ಅಂತ ನನ್ನ ಮನೆಯವರಿಗೇ ಗೊತ್ತು.

“ಅಕ್ಕ, ಯಾರಿಗೂ ಹೇಳ್ಬೇಡಿ. ಸ್ಟೇಟಸ್ ಹಾಕ್ಬೇಡಿ. ಮರದ ಹತ್ತಿರ ಹೋಗ್ಬೇಡಿ. ಆದಿತ್ಯವಾರ ನಾನೊಮ್ಮೆ ಬಂದು ದೂರದಿಂದ ನೋಡ್ತೇನೆ” ಅಂದೆ.

“ಹತ್ತಿರ ಯಾರು ಹೋಗ್ತಾರೆ? ಅವಳಿಗೆ ತೊಂದರೆ ಆಗುವುದು ನನಗೆ ಬೇಡ. ಇಲ್ಲಿ ಇನ್ನೊಬ್ಬಳು ಇದ್ದಾಳಲ್ಲ” ಅಂದರು ಅಕ್ಕ. ಮಗಳು ಮೊದಲನೆಯ ಹೆರಿಗೆಗೆ ತಾಯಿಮನೆಗೆ ಬಂದಿದ್ದಳು. ದಿನ ತುಂಬುತ್ತಾ ಬಂದಿತ್ತು. ಅಳಿಯ ದುಬಾಯಿಯಲ್ಲಿ, ರಜೆಗೆ ಕಾಯುತ್ತಿದ್ದ. “ಮರದಲ್ಲಿ ಒಬ್ಬಳು, ಮನೆಯಲ್ಲಿ ಒಬ್ಬಳು. ಈ ವರ್ಷ ನನಗೆ ಎರಡು ಬಾಣಂತನ” ಅಂತ ನಕ್ಕರು. ಪಾತ್ರೆ ತೊಳೆಯುವಾಗ ಮರವನ್ನೇ ನೋಡುತ್ತಿರುವುದು ಕಂಡು ಆಚೆಮನೆಯವರು ಎಂತ ಅಂತ ಕೇಳಿದರಂತೆ. ಹಸಿರು ನೋಡಿದರೆ ಕಣ್ಣಿಗೆ ಒಳ್ಳೆಯದು ಅಂತ ಡಾಕ್ಟರು ಹೇಳಿದ್ದಾರೆ ಅಂತ ಅಕ್ಕ ಬಿಟ್ಟರಂತೆ ಒಂದು ಸುಳ್ಳು.

ಆದಿತ್ಯವಾರ ಹೋದೆ. ಸ್ಕೂಟರನ್ನು ರಸ್ತೆಯಲ್ಲೇ ನಿಲ್ಲಿಸಿ, ಮಣ್ಣಿನ ಬಣ್ಣದ ಚೂಡಿದಾರ ಹಾಕಿಕೊಂಡು, ಕಳ್ಳಿಯ ಹಾಗೆ ಮೆಲ್ಲ ನಡೆದುಕೊಂಡು. ಅಂಗಳಕ್ಕೆ ಕಾಲಿಟ್ಟವಳು ಅಲ್ಲೇ ನಿಂತೆ.

ಅಂಗಳದ ಅಂಚಿನಲ್ಲಿ ಬನಕ್ಕೆ ಮುಖ ಮಾಡಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಒಂದು ಸ್ಟೂಲಿನ ಮೇಲೆ ಪಪ್ಪಾಯ ಹೆಚ್ಚಿ ಇಟ್ಟಿದೆ, ಪಕ್ಕದಲ್ಲಿ ಕದಳಿ ಬಾಳೆಹಣ್ಣಿನ ಗೊನೆ. ಭಾವ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಮದುವೆಗೆ ಹೊರಟವರ ಹಾಗೆ ನಿಂತಿದ್ದಾರೆ. ಅದಾದರೂ ಇರಲಿ. ತಾರೆ ಮರದ ಪೊಟರೆ ಇಲ್ಲಿಂದಲೇ ಕಾಣುತ್ತಿತ್ತು, ನುಣ್ಣಗೆ, ಬತ್ತಲೆ. ಅದರ ಮುಂದೆ ಇಳಿಬಿದ್ದಿದ್ದ ಕೊಂಬೆ ಇಲ್ಲ, ಬಳ್ಳಿ ಇಲ್ಲ. ಎರಡನ್ನೂ ಕಡಿದು ಕಟ್ಟೆಯ ಬುಡದಲ್ಲಿ ರಾಶಿ ಹಾಕಿತ್ತು, ಎಲೆ ಇನ್ನೂ ಪೂರ್ತಿ ಬಾಡಿರಲಿಲ್ಲ.

“ಹೇಗೆ? ಈಗ ಕ್ಲಿಯರ್ ಅಲ್ವಾ?” ಅಂದರು ಭಾವ. ಮುಖ ಅರಳಿತ್ತು.

ನನ್ನ ಬಾಯಿ ನಿಮಗೆ ಗೊತ್ತಲ್ಲ. “ನಿಮಗೆ ಇದನ್ನು ಮಾಡ್ಲಿಕ್ಕೆ ಯಾರು ಹೇಳಿದ್ದು ಭಾವ? ಅದು ಅದರ ಮನೆಯ ಪರದೆ! ನಿಮ್ಮ ಬಚ್ಚಲಿನ ಬಾಗಿಲು ಯಾರಾದರೂ ಕಿತ್ತುಕೊಂಡು ಹೋದರೆ ನಿಮಗೆ ಹೇಗಾಗ್ತದೆ?”

ಭಾವನ ಮುಖ ಸಪ್ಪೆ ಆಯಿತು. “ಮಗಳ ಮದುವೆ ದಿನ ನೀನೇ ಹೇಳಿದ್ದಲ್ವಾ, ಆ ಬಾಳೆಗಿಡ ಅಡ್ಡ ಆಗ್ತದೆ ತೆಗೀರಿ, ಆ ಬಟ್ಟೆಹಗ್ಗ ತೆಗೀರಿ, ಆ ಸೈಕಲು ತೆಗೀರಿ ಅಂತ? ಇವತ್ತು ನೀನು ಬಂದು ಹೇಳುವ ಮೊದಲೇ ತೆಗೆದಿಡುವಾ ಅಂತ. ಬನದ ಒಳಗೆ ನಾನು ಕಾಲಿಡಲಿಲ್ಲ. ಕೊಂಬೆ ಕಟ್ಟೆಯಿಂದ ಹೊರಗೆ ಬಂದಿತ್ತು. ದೋಟಿಗೆ ಕತ್ತಿ ಕಟ್ಟಿ ಅಂಗಳದಿಂದಲೇ ಎಳೆದದ್ದು.”

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಫೋಟೋ ಅಂದರೆ ಅಡ್ಡ ಬಂದದ್ದನ್ನೆಲ್ಲ ತೆಗೆಯುವುದು ಅಂತ ಅವರು ಕಲಿತದ್ದು ನನ್ನಿಂದಲೇ. ಪಪ್ಪಾಯ ಯಾಕೆ ಅಂತ ಕೇಳಿದರೆ, ಹಕ್ಕಿಯೂ ಮನೆಗೆ ಬಂದದ್ದಲ್ವಾ, ಊಟ ಕೊಡಬೇಡವಾ ಅಂದರು. ಆ ಪಪ್ಪಾಯಕ್ಕೆ ಅಷ್ಟರಲ್ಲಿ ಕಾಗೆಗಳು ಬಂದಾಗಿತ್ತು. ಮರೆ ಇಲ್ಲದ ಗೂಡಿನ ಹತ್ತಿರ ಕಾಗೆ!

ಇಷ್ಟು ಹೊತ್ತು ಅಕ್ಕ ಬಾಗಿಲಲ್ಲಿ ನಿಂತಿದ್ದರು. ಈಗ ಮೆಟ್ಟಿಲು ಇಳಿದು ಬಂದು, ಒಳಗಿದ್ದ ಮಗಳಿಗೆ ಕೇಳದ ಹಾಗೆ ಮೆಲ್ಲ ಕೇಳಿದರು. “ಗಂಡು ನಿನ್ನೆ ಸಂಜೆಯಿಂದ ಬರಲಿಲ್ಲ. ಇವತ್ತು ಬೆಳಿಗ್ಗೆಯೂ ಇಲ್ಲ. ದಿನಾ ಕಾಫಿಗೆ ಇಡುವಾಗ ಬರ್ತಿತ್ತು. ಇದಕ್ಕಾ?”

ಕೊಂಬೆ ಕಡಿದದ್ದು ಯಾವಾಗ ಅಂತ ಕೇಳಿದೆ. ನಿನ್ನೆ ಮಧ್ಯಾಹ್ನ.

ನಾನು ಸುಳ್ಳು ಹೇಳಬಹುದಿತ್ತು. ಹೇಳಲಿಕ್ಕೆ ಬಾಯಿ ಬರಲಿಲ್ಲ. ಒಳಗಿರುವ ತಾಯಿ ಗರಿ ಉದುರಿಸಿಕೊಂಡು ಕೂತಿರುತ್ತದೆ, ಬಾಗಿಲು ಒಡೆದು ಬಂದರೂ ಹಾರಲಿಕ್ಕೆ ಆಗುವುದಿಲ್ಲ, ಗಂಡು ಹೆದರಿ ಬಿಟ್ಟುಹೋದರೆ ಅದೂ ಮರಿಯೂ ಉಪವಾಸ, ಅಂತ ಹೇಳಿದೆ. ಅಕ್ಕನ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಮಗಳು ಮಲಗಿದ್ದ ಕೋಣೆಯ ಕಿಟಕಿಯ ಕಡೆ ನೋಡಿದರು.

“ಅವಳಿಗೆ ಗೊತ್ತಾಗುವುದು ಬೇಡ” ಅಂದರು. “ನಾಗನ ಬನದಲ್ಲಿ ಕೂತವಳು ಆ ಹಕ್ಕಿ. ಮನೆಯಲ್ಲಿ ಬಸುರಿ ಇರುವಾಗ ಒಂದು ಇರುವೆಗೂ ನೋವು ಮಾಡಬಾರದು ಅಂತಾರೆ. ನಾವು ಒಬ್ಬ ತಾಯಿಯ ಅನ್ನಕ್ಕೆ ಮಣ್ಣು ಹಾಕಿದ ಹಾಗೆ ಆಯ್ತಲ್ಲ. ನನ್ನ ಮಗಳಿಗೆ ಎಂತಾದರೂ ಆದರೆ?”

ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ನಾನು ಹೇಳಲಿಲ್ಲ. ಅಕ್ಕ ಬೆವರುತ್ತಿದ್ದರು. ಭಾವ ಆ ಬಿಳಿ ಅಂಗಿಯಲ್ಲೇ ಹೋಗಿ ಕಡಿದ ರಾಶಿಯ ಪಕ್ಕ ನೆಲದಲ್ಲಿ ಕೂತುಬಿಟ್ಟಿದ್ದರು. ನನ್ನ ಸಿಟ್ಟು ಎಲ್ಲಿ ಹೋಯಿತೋ. ಇಷ್ಟು ಒಳ್ಳೆಯ ಮನಸ್ಸಿನಿಂದ ಮಾಡಿದ ಇಷ್ಟು ದೊಡ್ಡ ತಪ್ಪನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

“ಏಳಿ ಭಾವ, ಕುರ್ಚಿ ಎತ್ತಿ” ಅಂದೆ. ಕುರ್ಚಿ ಹೋಯಿತು, ಪಪ್ಪಾಯ ದನದ ಹಟ್ಟಿಗೆ ಹೋಯಿತು. ಕಡಿದ ಕೊಂಬೆಯನ್ನು ಮರ ಹತ್ತಿ ಮೊದಲಿದ್ದಲ್ಲಿಯೇ ಕಟ್ಟುತ್ತೇನೆ ಅಂತ ಭಾವ ಹೊರಟರು. “ಮರದ ಹತ್ತಿರ ಹೋದರೆ ನಿಮ್ಮ ಮೇಲೆ ಫಾರೆಸ್ಟಿನವರಿಗೆ ನಾನೇ ಹೇಳ್ತೇನೆ” ಅಂತ ಹೆದರಿಸಿ ಕೂರಿಸಿದೆ. ಗಂಡು ಎಲ್ಲೋ ದೂರದಿಂದ ನೋಡುತ್ತಾ ಇರುತ್ತದೆ, ಮರ ಹತ್ತಿದವರನ್ನು ಕಂಡರೆ ಇನ್ನು ಈ ಕಡೆ ತಲೆ ಹಾಕದು. ಪೊಟರೆಗೆ ಪರದೆ ಹಾಕಲು ಆಗದಿದ್ದರೆ ನಮಗೇ ಪರದೆ ಹಾಕಿಕೊಳ್ಳುವುದು, ಬೇರೆ ದಾರಿ ಇರಲಿಲ್ಲ. ಭಾವ ಓಡಿಹೋಗಿ ನೀಲಿ ಟಾರ್ಪಲು ತಂದರು. ಗಾಳಿಗೆ ಅದು ಪಟಪಟ ಅಂದರೆ ಮಂಗಟ್ಟೆ ಬಿಡಿ, ನಾನೇ ಹೆದರಿ ಓಡುತ್ತೇನೆ. ತೆಂಗಿನ ಮಡಲು ತನ್ನಿ ಅಂದೆ.

ಹಿತ್ತಿಲಿನ ಜಗಲಿಯಲ್ಲಿ ಅಕ್ಕ, ನಾನು ಎದುರುಬದುರು ಕೂತು ಮಡಲು ಹೆಣೆದೆವು. ಅಕ್ಕನ ಕೈ ಬೇಗ, ನನ್ನದು ಎಡವಟ್ಟು. ನಾನು ಹೆಣೆದದ್ದನ್ನು ಅಕ್ಕ ಸುಮ್ಮನೆ ಬಿಚ್ಚಿ ಪುನಃ ಹೆಣೆಯುತ್ತಿದ್ದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಲಿಲ್ಲ. ಆ ತಟ್ಟಿಗಳನ್ನು ಅಂಗಳದ ಅಂಚಿಗೆ, ಮರದಿಂದ ಆದಷ್ಟು ದೂರದಲ್ಲಿ, ಗೂಟ ಹುಗಿದು ತೆಂಗಿನ ನಾರಿನ ಹಗ್ಗದಿಂದ ಭಾವ ಕಟ್ಟಿದರು. ಈಗ ಮರದಿಂದ ನೋಡಿದರೆ ಮನೆಯ ಓಡಾಟ ಕಾಣದು. ಎಲ್ಲರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ಅಡಿಗೆಕೋಣೆಯ ಕಿಟಕಿ ಮಾತ್ರ ತಟ್ಟಿಗಿಂತ ಎತ್ತರ, ಅಲ್ಲಿಂದ ಪೊಟರೆ ಕಾಣುತ್ತಿತ್ತು.

ತುಂಬ ಹೊತ್ತಾದ ಮೇಲೆ ಯಾರೋ ಕೆಟ್ಟದಾಗಿ ನಕ್ಕ ಹಾಗೆ ಕೇಳಿಸಿತು. ಮಂಗಟ್ಟೆಯ ಕೂಗು. ಹಲಸಿನ ಮರದ ಮೇಲೆ ಗಂಡು ಬಂದು ಕೂತಿತ್ತು, ಕೊಕ್ಕಿನ ತುದಿಯಲ್ಲಿ ಕೆಂಪು ಗೋಳಿ ಹಣ್ಣು. ಕುತ್ತಿಗೆ ಆಚೆ ಈಚೆ ಮಾಡಿ ಪೊಟರೆಯನ್ನು ನೋಡುತ್ತಿತ್ತು. ಬಿಸಿಲು ಸರಿಯಾಗಿ ಅದರ ಮೇಲೆ ಬಿದ್ದಿತ್ತು. ನನ್ನ ಕೈ ತನ್ನಷ್ಟಕ್ಕೆ ಕ್ಯಾಮರಾ ಚೀಲದ ಜಿಪ್ಪಿಗೆ ಹೋಯಿತು. ಅಕ್ಕ ನೋಡಿದರು. ಬೇಡ ಅನ್ನಲಿಲ್ಲ, ಪಾಪ, ಸ್ವಲ್ಪ ಸರಿದು ಕಿಟಕಿಯಲ್ಲಿ ನನಗೆ ಜಾಗ ಮಾಡಿಕೊಟ್ಟರು.

ಅಷ್ಟರಲ್ಲಿ ಭಾವನ ಫೋನು ಜೋರಾಗಿ ಕಿರುಚಿತು. ದುಬಾಯಿಯಿಂದ ಅಳಿಯ. ಹಕ್ಕಿ ಹಣ್ಣಿನೊಂದಿಗೇ ಹಾರಿಹೋಯಿತು.

ನಾನು ಚೀಲ ಹೆಗಲಿಗೆ ಹಾಕಿ ಎದ್ದೆ. ಈ ಮನೆಯವರ ಓಡಾಟ ಆ ಹಕ್ಕಿಗೆ ಗೊತ್ತು, ನನ್ನದು ಗೊತ್ತಿಲ್ಲ. ಈಗ ಇಲ್ಲಿ ಹೆಚ್ಚಾದವಳು ಯಾರು ಅಂತ ನೋಡಿದರೆ ನಾನೇ. ಊಟ ಮಾಡದೆ ಹೋಗುವುದಾ ಅಂತ ಭಾವ ಬೇಡಿಕೊಂಡರು, ಕೋರಿ ರೊಟ್ಟಿ ಆಗಿತ್ತು. ಕೋಳಿ ಸಾರನ್ನು ನನ್ನದೇ ಸ್ಟೀಲ್ ಡಬ್ಬಿಗೆ ಹಾಕಿಸಿಕೊಂಡು, ರೊಟ್ಟಿಯನ್ನು ಬಾಳೆ ಎಲೆಯಲ್ಲಿ ಕಟ್ಟಿಸಿಕೊಂಡು ಹಿತ್ತಿಲ ದಾರಿಯಲ್ಲಿ ಇಳಿದುಹೋದೆ. ಮನೆಗೆ ತಲಪಿದ ಮೇಲೆ ಡಬ್ಬಿ ತೆರೆಯಲು ಮನಸ್ಸಾಗಲಿಲ್ಲ.

ಸಂಜೆ ಸ್ಟುಡಿಯೋದಲ್ಲಿ ಒಬ್ಬರು ಪಾಸ್‌ಪೋರ್ಟ್ ಫೋಟೋಕ್ಕೆ ಕೂತಿದ್ದರು. ದೀಪ ಹಚ್ಚುವ ಹೊತ್ತು. ಅಕ್ಕನ ಫೋನ್ ಬಂತು. ಕ್ಯಾಮರಾ ಮೇಜಿನ ಮೇಲಿಟ್ಟು ಫೋನ್ ಕಿವಿಗೆ ಹಿಡಿದೆ.

“ಬಂತು ಮಾರಾಯ್ತಿ” ಅಂದರು. “ಬಂತು. ಅಡಿಗೆಕೋಣೆಯ ಲೈಟು ಹಾಕಲಿಲ್ಲ, ಕತ್ತಲೆಯಲ್ಲೇ ನಿಂತಿದ್ದೆ. ನೇರ ಬಂದು ಪೊಟರೆಗೆ ತಾಗಿ ಕೂತಿತು. ಒಳಗಿಂದ ಕೊಕ್ಕು ಹೊರಗೆ ಬಂತು. ಇದ್ದಾಳೆ ಅವಳು, ಇದ್ದಾಳೆ.”

ನಾನು ಆ ಗಿರಾಕಿಯ ಎದುರಿಗೇ ಅತ್ತೆ. ಅವರು ಏನು ತಿಳಿದುಕೊಂಡರೋ, ಫೋಟೋ ನಾಳೆ ತೆಗೆಯುವಾ, ಪರವಾಗಿಲ್ಲ, ಅಂತ ಎದ್ದುಹೋದರು.

ಮತ್ತೆ ನಾನು ಆ ಕಡೆ ಹೋಗಲಿಲ್ಲ. ಹೋಗುವುದಿಲ್ಲ ಅಂತ ನಾನೇ ಹೇಳಿದ್ದೆ, ಮರಿ ಹೊರಗೆ ಬರುವ ದಿನ ಹತ್ತಿರ ಬಂದಾಗ ಮಾತ್ರ ಒಮ್ಮೆ ತಿಳಿಸಿ ಅಂತ ಸೇರಿಸಿದ್ದೆ. ಅಕ್ಕ ಆಗಾಗ ಫೋನಿನಲ್ಲಿ ಸುದ್ದಿ ಕೊಡುತ್ತಿದ್ದರು. ಬಟ್ಟೆ ಒಣಹಾಕುವುದು ಹಿತ್ತಿಲಿಗೆ ಹೋಯಿತು. ಕುಕ್ಕರು ಹಿಂದಿನ ಜಗಲಿಗೆ ಹೋಯಿತು, ಸೀಟಿಗೆ ಹೆದರುತ್ತದೆ ಅಂತ. ಭಾವನ ಫೋನು ಬಾಯಿ ಮುಚ್ಚಿತು. ಬಂದವರನ್ನೆಲ್ಲ, ಕೋಳಿ ಮಾರುವವರಿಂದ ಹಿಡಿದು ನೆಂಟರವರೆಗೆ, ಹಿಂಬಾಗಿಲಿನಿಂದಲೇ ಕರೆಸಿಕೊಂಡರಂತೆ. ಮಗಳಿಂದ ಮುಚ್ಚಿಡಲು ಆಗಲಿಲ್ಲ. ಗೊತ್ತಾದ ಮೇಲೆ ಅವಳೂ ಕಿಟಕಿಯ ಹತ್ತಿರ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂರುತ್ತಿದ್ದಳಂತೆ. ಒಂದು ಹಕ್ಕಿಗಾಗಿ ಒಂದು ಮನೆ ತನ್ನ ಮುಖವನ್ನೇ ಹಿಂದಕ್ಕೆ ತಿರುಗಿಸಿಕೊಂಡಿತು. ನಾನು ಎಷ್ಟು ಜನರಿಗೆ ಎಷ್ಟು ಪಾಠ ಹೇಳಿ ಜಗಳ ಆಡಿದ್ದೇನೆ, ಇದರ ಕಾಲು ಭಾಗವನ್ನಾದರೂ ಯಾರಾದರೂ ಮಾಡಿದ್ದಾರಾ? ರಾತ್ರಿ ಊಟಕ್ಕೆ ಕೂತಾಗ ಆ ಮನೆಯವರನ್ನು ನೆನೆದುಕೊಂಡರೆ ನನಗೆ ಅನ್ನ ರುಚಿಯಾಗುತ್ತಿತ್ತು.

ಮಳೆ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಅಕ್ಕನ ಫೋನ್ ಬಂತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಸೌಖ್ಯ, ಆಸ್ಪತ್ರೆಯಿಂದ ಮನೆಗೆ ಬಂದೂ ಆಯಿತು, ಅಳಿಯನೂ ಬಂದಿದ್ದಾನೆ. ನನಗೆ ಖುಷಿಯೋ ಖುಷಿ. ಆಮೇಲೆ ಅಕ್ಕ ದನಿ ತಗ್ಗಿಸಿದರು.

“ಇನ್ನೊಂದು ಹೇಳ್ಲಿಕ್ಕುಂಟು. ಬೇಜಾರು ಮಾಡ್ಬೇಡ. ಅವಳು ಹೋದಳು, ಮರದವಳು. ನಿನ್ನೆ ಬೆಳಿಗ್ಗೆ ಬಾಗಿಲು ಒಡೆದು ಹೊರಗೆ ಬಂದಳು. ಹಿಂದೆಯೇ ಮರಿಯೂ ಬಂತು.”

“ನಿನ್ನೆಯಾ? ಮತ್ತೆ ನನಗೆ ಯಾಕೆ ಹೇಳಲಿಲ್ಲ?”

“ಮೊನ್ನೆಯಿಂದಲೇ ಒಳಗಿಂದ ಕುಟ್ಟುವುದು ಕೇಳ್ತಿತ್ತು. ನಿನಗೆ ಹೇಳುವಾ ಅಂತ ಫೋನ್ ಕೈಗೆ ತೆಗೊಂಡೆ. ಮತ್ತೆ ಕೆಳಗೆ ಇಟ್ಟೆ.”

ನನಗೆ ಸಿಟ್ಟು ನೆತ್ತಿಗೆ ಏರಿತು. “ಎಷ್ಟು ವರ್ಷದ ಆಸೆ ಅಕ್ಕ ಅದು ನನ್ನದು! ನಾನು ದೂರವೇ ನಿಲ್ತಿದ್ದೆ. ನನ್ನ ಮೇಲೆ ನಿಮಗೆ ನಂಬಿಕೆ ಇಲ್ಲವಾ?”

“ನಿನ್ನ ಮೇಲೆ ಉಂಟು ಮಾರಾಯ್ತಿ” ಅಂದರು ಅಕ್ಕ. “ನಮ್ಮ ಮೇಲೆ ಇಲ್ಲ. ನೀನು ಅಷ್ಟು ದೂರದಿಂದ ಬಂದು ಕೂತರೆ, ಫೋಟೋ ಸಿಗದಿದ್ದರೆ, ಸ್ವಲ್ಪ ಹತ್ತಿರ ಹೋಗು ಅಂತ ನಾವೇ ಹೇಳ್ತೇವೆ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿ ನಮಗೆ ಅಭ್ಯಾಸ ಇಲ್ಲ.”

ಆ ಕಡೆ ಮಗು ಅತ್ತಿತು, ಯಾರೋ ಶ್ ಶ್ ಅಂದರು. ಅಕ್ಕ ಫೋನ್ ಇಡದೆ ಕಾಯುತ್ತಿದ್ದರು. ನಾನು ಬೈಯುತ್ತೇನೆ ಅಂತಲೇ ಕಾಯುತ್ತಿದ್ದರು, ನನಗೆ ಗೊತ್ತು.

“ಉಪಕಾರ ಆಯ್ತು ಅಕ್ಕ” ಅಂದೆ. “ನಿಜವಾಗಿಯೂ. ಒಳ್ಳೆಯ ಕೆಲಸ ಮಾಡಿದಿರಿ.”

“ಬೇಜಾರು ಇಲ್ಲ ಅಲ್ವಾ?”

“ಉಂಟು. ಇರಲಿ. ಹೇಗೆ ಬಂತು ಹೊರಗೆ? ಒಂದೂ ಬಿಡದೆ ಹೇಳಿ.”

ಸ್ಟುಡಿಯೋದ ಶಟರು ಅರ್ಧ ಎಳೆದು ನೆಲದಲ್ಲಿ ಕೂತೆ. ಅಕ್ಕ ಮೊದಲಿನಿಂದ ಹೇಳಿದರು.